ವಿಡಿಯೊ ಗೇಮ್‌ಗಳಲ್ಲಿ ಹಿಂಸೆ ಮತ್ತು ಅನುಕರಣೆ: ಕರ್ನಾಟಕ

ವಿಡಿಯೊ ಗೇಮ್‌ಗಳಲ್ಲಿ ರಕ್ತಪಾತ ಅತಿಯಾಯಿತೆಂಬ ಕೂಗು ದೊಡ್ಡದಾಗಿ ಎದ್ದದ್ದು 1976ರಲ್ಲಿ, ಅಮೆರಿಕದ ‘ಡೆತ್ ರೇಸ್’ ಆಟದ ಮೇಲೆ. 1992ರ ‘ಮಾರ್ಟಲ್ ಕಾಂಬ್ಯಾಟ್’ ಸೆನೆಟ್ ವಿಚಾರಣೆಯವರೆಗೂ ಹೋಯಿತು. 1994ರಲ್ಲಿ ವಯೋಮಿತಿ ಸೂಚಿಸುವ ಮಂಡಳಿ ಬಂತು. 1993ರ ‘ಡೂಮ್’ ಗೆದ್ದದ್ದೇ ತಡ, ಅದೇ ಅಚ್ಚಿನ ಬಂದೂಕಿನ ಆಟಗಳು ಸಾಲುಗಟ್ಟಿದವು. ಹಿಂಸೆ ಮತ್ತು ನಕಲು ಅಂದಿನಿಂದಲೂ ಜೊತೆಯಲ್ಲೇ ಬೆಳೆದಿವೆ.

ಕರ್ನಾಟಕಕ್ಕೆ ಈ ಉದ್ಯಮ ಕೂಲಿ ಕೆಲಸವಾಗಿ ಬಂತು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ವಿದೇಶಿ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಟ್ಟಿತು. ‘ಫೋರ್ಜಾ’ ಸರಣಿಯ ಕಾರುಗಳಲ್ಲಿ ಅದರ ಕೈಕೆಲಸವಿದೆ. 2019ರಲ್ಲಿ ಅದನ್ನು ಕೊಂಡದ್ದು ‘ಗ್ರ್ಯಾಂಡ್ ಥೆಫ್ಟ್ ಆಟೊ’ದ ರಾಕ್‌ಸ್ಟಾರ್, ಸುಮಾರು 79 ಲಕ್ಷ ಡಾಲರ್‌ಗೆ. ಇಲ್ಲಿನವರ ಕೌಶಲಕ್ಕೆ ಕೊರತೆಯಿಲ್ಲ, ಆದರೆ ಕಥೆ ಏನೆಂದು ನಿರ್ಧರಿಸುವ ಕೆಲಸ ಬಹುಮಟ್ಟಿಗೆ ಹೊರಗೇ ಉಳಿಯಿತು. ಆಟ ಕಲ್ಪಿಸುವುದು ಈ ನಾಡಿಗೆ ಹೊಸದೇನಲ್ಲ: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹಲವು ಮಣೆಯಾಟಗಳನ್ನು ರೂಪಿಸಿದ್ದರು.

2016ರ ನಂತರ ಡೇಟಾ ಅಗ್ಗವಾಗಿ, ನಂಜನಗೂಡು ಸೀಮೆಯ ಚಿಕ್ಕಯ್ಯನಛತ್ರದಂಥ ಊರುಗಳಲ್ಲಿ ಕಂಪ್ಯೂಟರ್, ಕನ್ಸೋಲ್ ಇಲ್ಲದ ಮನೆಗಳಿಗೂ ಈ ಆಟಗಳು ಮೊಬೈಲಿನಲ್ಲೇ ಬರುವಂತಾಯಿತು. 2018ರಲ್ಲಿ ಬಂದ ಪಬ್‌ಜಿ ಮೊಬೈಲ್ ಇವುಗಳಲ್ಲಿ ಪ್ರಮುಖ. ನೂರು ಜನ ದ್ವೀಪಕ್ಕಿಳಿದು, ಕೊನೆಯವರೆಗೆ ಉಳಿದವನು ಗೆಲ್ಲುವ ಈ ಕಲ್ಪನೆಗೆ 2000ದ ಜಪಾನಿ ಚಿತ್ರ ‘ಬ್ಯಾಟಲ್ ರಾಯಲ್’ ಪ್ರೇರಣೆ. ತಮ್ಮ ಆಟವನ್ನೇ ನಕಲು ಮಾಡಿದ್ದಾರೆಂದು ಪಬ್‌ಜಿಯ ಒಡೆಯರಾದ ಕ್ರಾಫ್ಟನ್ 2022ರಲ್ಲಿ ‘ಫ್ರೀ ಫೈರ್’ನ ಗರೆನಾ ಮೇಲೆ ದಾವೆ ಹೂಡಿದರು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿಯೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಕೊಟ್ಟ ಕಾರಣ ದೇಶದ ಭದ್ರತೆ. ಹಿಂಸೆಯ ಮಾತು ಅದರಲ್ಲಿರಲಿಲ್ಲ. 2021ರ ಜುಲೈನಲ್ಲಿ ಅದೇ ಆಟ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಮರಳಿದಾಗ ರಕ್ತ ಹಸಿರಾಗಿತ್ತು, ಹದಿನೆಂಟರ ಒಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಂದಿತ್ತು. ಸಮಯದ ಮಿತಿ ಒಳ್ಳೆಯದೇ. ಆದರೆ ಬಣ್ಣ ಬದಲಿಸಿದ ಮಾತ್ರಕ್ಕೆ ಆಟದ ತಿರುಳು ಬದಲಾಗಲಿಲ್ಲ, ಗೆಲ್ಲಲು ಗುಂಡು ಹೊಡೆಯುವುದಲ್ಲದೆ ಬೇರೆ ದಾರಿ ಯೋಚಿಸಬೇಕೆಂದು ಯಾವ ನಿಯಮವೂ ಕೇಳಲಿಲ್ಲ.

ರಾಜ್ಯದ ಕಾನೂನೂ ಈ ಕಡೆ ನೋಡಲಿಲ್ಲ. 2021ರ ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆ ಗುರಿಯಿಟ್ಟದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ. ಅದರ ಮುಖ್ಯ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಮಾಡಿತು.

ಚಿಕಿತ್ಸೆಯ ಕಡೆಯಲ್ಲಿ ಬೆಂಗಳೂರು ಮುಂದಿದೆ. ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ತೆರೆದು, ಮೊಬೈಲು ಮತ್ತು ಆಟಗಳ ಗೀಳಿಗೆ ಬಿದ್ದವರನ್ನು ನೋಡತೊಡಗಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಪಟ್ಟಿಯಲ್ಲೂ ಗೇಮಿಂಗ್ ಕಾಯಿಲೆಯ ಲಕ್ಷಣಗಳೆಂದರೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ನಿಲ್ಲಿಸದಿರುವುದು. ಆಟದೊಳಗೆ ಎಷ್ಟು ಕೊಲೆಗಳಿವೆ ಎಂಬುದು ಅಲ್ಲಿಯೂ ಲೆಕ್ಕಕ್ಕಿಲ್ಲ.