ಗಂಗಾವತಿ ಅಕ್ಕಿಗೆ ಹೆಸರು ಬಂದ ದಾರಿ

ತಾವರಗೇರಾದ ಸುತ್ತಲಿನ ಹೊಲಗಳು ಜೋಳ, ಸಜ್ಜೆ, ತೊಗರಿಗೆ ಒಗ್ಗಿದವು. ಮಳೆ ಕೈಕೊಟ್ಟ ವರ್ಷ ಅವೂ ಕೈಗೆ ಹತ್ತುವುದಿಲ್ಲ. ಮದುವೆ, ಜಾತ್ರೆಗಳ ಅನ್ನಕ್ಕೆ ಅಂಗಡಿಯಿಂದ ಬರುವುದು ಗಂಗಾವತಿ ಅಕ್ಕಿ. ಒಂದೇ ಜಿಲ್ಲೆಯೊಳಗೆ ಒಂದು ಊರಿನ ಹೆಸರು ಇನ್ನೊಂದು ಊರಿನಲ್ಲಿ ಗುಣದ ಗುರುತಾದದ್ದು ಹೇಗೆ? ಮಣ್ಣಿನ ಗುಣ, ತುಂಗಭದ್ರೆಯ ನೀರಿನ ರುಚಿ ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಸತ್ಯವೂ ಅಲ್ಲ ಎಂಬುದು ನನ್ನ ವಾದ. ಈ ಹೆಸರು ಎದ್ದು ನಿಂತದ್ದು ಕಳೆದ ಎಪ್ಪತ್ತು ವರ್ಷಗಳಲ್ಲಿ, ಮನುಷ್ಯರ ದುಡಿಮೆಯಿಂದ.

ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರ ಕೂಡಿ 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟೆಯ ನೀರು 1953ರಲ್ಲಿ ಕಾಲುವೆಗೆ ಹರಿಯಿತು. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಬರ ತಡೆಯಲೆಂದು: ಹೆಚ್ಚಿನ ಭಾಗಕ್ಕೆ ಕಡಿಮೆ ನೀರಿನ ಬೆಳೆ, ಭತ್ತಕ್ಕೆ ಗೊತ್ತುಪಡಿಸಿದಷ್ಟು ಜಮೀನು ಮಾತ್ರ. ಅಷ್ಟರಲ್ಲಿ ಕರಾವಳಿ ಆಂಧ್ರದಿಂದ ಗದ್ದೆ ಕೆಲಸ ಬಲ್ಲ ಕುಟುಂಬಗಳು ಬಂದು ಕ್ಯಾಂಪುಗಳಲ್ಲಿ ನೆಲೆಸಿದವು. ಅವರನ್ನು ನೋಡಿ ಸ್ಥಳೀಯರೂ ನಾಟಿಗೆ ಇಳಿದರು, ಕಾಲುವೆಯ ಮೇಲ್ಭಾಗವೆಲ್ಲ ಭತ್ತವಾಯಿತು. ಅದರ ಬೆಲೆ ತೆತ್ತವರು ಕೊನೆಭಾಗದ ರೈತರು. ಗಂಗಾವತಿಯ ಹೆಸರಿನೊಳಗೆ ಅವರಿಗೆ ತಲುಪದ ನೀರೂ ಸೇರಿದೆ. ಇದನ್ನು ಮರೆತು ಆ ಅಕ್ಕಿಯನ್ನು ಹೊಗಳುವುದು ನ್ಯಾಯವಲ್ಲ.

ಆನೆಗೊಂದಿಯ ಸುತ್ತ ವಿಜಯನಗರ ಕಾಲದ ಕಾಲುವೆಗಳಲ್ಲಿ ಭತ್ತ ಬೆಳೆಯುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಬೆಳೆಯುತ್ತಿತ್ತು, ಈಗಲೂ ಬೆಳೆಯುತ್ತದೆ. ಆದರೆ ಅವು ನೀರುಣಿಸುವುದು ನದಿಯ ಮಗ್ಗುಲಿನ ಪಟ್ಟಿಗೆ ಮಾತ್ರ. ಇಂದು ಲಾರಿ ತುಂಬುವ ಅಕ್ಕಿ ಬರುವುದು ಕಾರಟಗಿ, ಸಿಂಧನೂರು ಕಡೆಯ ಎರೆ ಹೊಲಗಳಿಂದ. ಅಣೆಕಟ್ಟೆಗೆ ಮುಂಚೆ ಅಲ್ಲಿ ಇದ್ದದ್ದು ಜೋಳ, ಹತ್ತಿ.

ತಳಿಯ ಕಥೆಯಂತೂ ಇನ್ನೂ ದೂರದ್ದು. ಸೋನಾ ಮಸೂರಿ, ಸಾಂಬಾ ಮಸೂರಿ ಎರಡೂ ಆಂಧ್ರದ ಬಾಪಟ್ಲ ಸಂಶೋಧನಾ ಕೇಂದ್ರದವು. ಸಾಂಬಾ ಮಸೂರಿ, ಅಂದರೆ ಬಿಪಿಟಿ 5204, ಬಿಡುಗಡೆಯಾದದ್ದು 1986ರಲ್ಲಿ. ಎರಡಕ್ಕೂ ಒಂದು ಕಡೆಯ ಮೂಲವಾದ ಮಸೂರಿ ತಳಿ 1965ರಲ್ಲಿ ಮಲೇಷ್ಯಾದಲ್ಲಿ ಹೊರಬಂದಿತ್ತು. ಅದರ ತಂದೆತಾಯಿಯಲ್ಲೊಂದು ತೈವಾನಿನ ತೈಚುಂಗ್ 65.

ಹಾಗಾದರೆ ಗಂಗಾವತಿ ಎಂಬ ಹೆಸರು ಸುಳ್ಳೇ? ಇಲ್ಲ. ಅದೇ ತೈವಾನಿನ ಊಲಾಂಗ್ ಚಹಾವನ್ನು ನೋಡಿ. ಜಾನ್ ಡಾಡ್ ಎಂಬ ವರ್ತಕ 1860ರ ದಶಕದಲ್ಲಿ ಚೀನಾದ ಆನ್‌ಶಿಯಿಂದ ಗಿಡ ತರಿಸಿ ಬೆಳೆಸಿದ, 1869ರಲ್ಲಿ ‘ಫಾರ್ಮೋಸಾ ಊಲಾಂಗ್’ ಎಂದು ನ್ಯೂಯಾರ್ಕಿಗೆ ಹಡಗು ಕಳಿಸಿದ. ಗಿಡ ಆಚೆಯದಾದರೂ ಎಲೆಯನ್ನು ಬಾಡಿಸಿ, ಹುರಿದು ಹದ ಮಾಡುವ ಕೈಗಳು ಆ ದ್ವೀಪದಲ್ಲಿದ್ದವು. ಹೆಸರು ಅಲ್ಲಿಯೇ ನಿಂತಿತು. ಗಂಗಾವತಿಯಲ್ಲಿ ಆ ಹದದ ಜಾಗ ಗಿರಣಿ. ಹೊಸ ಸೋನಾ ಅಕ್ಕಿ ಬೇಯಿಸಿದರೆ ಅಗುಳಿಗೆ ಅಗುಳು ಅಂಟಿ ಮುದ್ದೆಯಾಗುತ್ತದೆ. ಕೆಲವು ತಿಂಗಳು ಕೂಡಿಟ್ಟು ಹಳತಾದ ಮೇಲೆ ಅದೇ ಅಕ್ಕಿ ಹೆಚ್ಚು ನೀರು ಹೀರಿ ಉದುರುದುರಾಗಿ ಅರಳುತ್ತದೆ. ಯಾವ ರಾಶಿಯನ್ನು ಎಷ್ಟು ದಿನ ಇಡಬೇಕು, ನುಚ್ಚಾಗದಂತೆ ಎಷ್ಟು ಪಾಲಿಶ್ ಕೊಡಬೇಕು ಎಂಬುದನ್ನು ಬಲ್ಲವರ ಹಮಾಲಿಯೂ ವ್ಯಾಪಾರವೂ ಸೇರಿ ಈ ಹೆಸರಿಗೆ ಬೆಲೆ ತಂದಿವೆ.

ಅತಿ ನೀರಿನಿಂದ ಈ ಅಚ್ಚುಕಟ್ಟಿನ ಸಾಕಷ್ಟು ಭೂಮಿ ಸವಳಾಗಿದೆ. ಅಂಥ ನೆಲವನ್ನು ತಾಳಿಕೊಳ್ಳುವ ಭತ್ತವನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವೇ ರೂಪಿಸಿತು. ಅದಕ್ಕೆ ಇಟ್ಟ ಹೆಸರು ಗಂಗಾವತಿ ಸೋನಾ. ಬಾಪಟ್ಲದ ತಳಿಗಳಿಗೆ ಪೇಟೆ ಹಚ್ಚಿದ್ದ ಊರಿನ ಹೆಸರು ಹೀಗೆ ಊರಿನದೇ ಬೀಜಕ್ಕೆ ಬಂತು, ಕಾಲುವೆ ಕೆಡಿಸಿದ ಮಣ್ಣಿನ ಕಾರಣದಿಂದಲೇ.