ಬಯಲುಸೀಮೆಯ ಡೀಸೆಲ್ ಇಂಜಿನ್ನೂ ಗಡುಸು ನೀರೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಂಬ ನಾಲ್ಕು ತಾಲ್ಲೂಕು ಕೇಂದ್ರಗಳಿಗೂ ಇಪ್ಪತ್ತನೆಯ ಶತಮಾನ ಮುಗಿದರೂ ರೈಲು ಬರಲಿಲ್ಲವಾದ್ದರಿಂದ, ಇಲ್ಲಿನ ಕಡಲೆಕಾಯಿ, ಹುಣಸೆಹಣ್ಣು ಮತ್ತು ಪ್ರಯಾಣಿಕರ ಭಾರವೆಲ್ಲ ಮೊದಲು ಎತ್ತಿನ ಗಾಡಿಯ ಮೇಲೂ ಆಮೇಲೆ ಮೋಟಾರು ವಾಹನದ ಮೇಲೂ ಬಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದಾಗಿ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಸರ್ಕಾರಿ ಸಾರಿಗೆ ಇಲಾಖೆ ಆರಂಭವಾಯಿತು. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್ ಬೆಂಜ್ ಸಹಯೋಗದಲ್ಲಿ ಲಾರಿ ತಯಾರಿಸತೊಡಗಿದ ಮೇಲೆ ಡೀಸೆಲ್ ವಾಹನ ದೇಶದ ಬಯಲುಸೀಮೆಗಳಿಗೂ ಬಳಕೆಯ ಸಂಗತಿಯಾಯಿತು.

ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಒತ್ತಿ 500 ಡಿಗ್ರಿಗೂ ಮೇಲಕ್ಕೆ ಕಾಯಿಸಿ, ಅದರೊಳಕ್ಕೆ ಇಂಧನವನ್ನು ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹುಟ್ಟಿದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಕ್ರಕ್ಕೆ ಒದಗಿ, ಉಳಿದದ್ದು ಹೊಗೆಯೊಡನೆಯೂ ಸಿಲಿಂಡರಿನ ಸುತ್ತ ಹರಿಯುವ ನೀರಿನ ಮೂಲಕವೂ ಹೊರಗೆ ಹೋಗುತ್ತದೆ. ಆ ನೀರು 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇರುವುದೇ ಇಂಜಿನ್ನಿನ ಸಹಜ ಸ್ಥಿತಿ. ಇದಕ್ಕಿಂತ ಮೇಲೇರಿದರೆ ಹೆಡ್ಡಿನ ಗ್ಯಾಸ್ಕೆಟ್ ಸುಡುತ್ತದೆ; ಬಹಳ ಕೆಳಗಿದ್ದರೆ ಇಂಧನ ಅರೆಬೆಂದು, ಗಂಧಕದಿಂದ ಹುಟ್ಟಿದ ಆಮ್ಲ ಸಿಲಿಂಡರಿನ ಗೋಡೆಯನ್ನು ತಿನ್ನುತ್ತದೆ.

ಈ ಸೀಮೆಯಲ್ಲಿ ಇಂಜಿನ್ ಕಾಯಲು ಬಿಸಿಲೇ ಕಾರಣವೆಂಬ ನಂಬಿಕೆ ಅರ್ಧ ಸತ್ಯ. ನೀರು 90 ಡಿಗ್ರಿಯಲ್ಲಿದ್ದು ಹೊರಗಾಳಿ 15 ಡಿಗ್ರಿಯಿದ್ದಾಗ, ಆ ನೀರನ್ನು ಗಾಳಿಯಿಂದ ತಣಿಸುವ ರೇಡಿಯೇಟರಿಗೆ 75 ಡಿಗ್ರಿಯ ಅಂತರ ದೊರೆಯುತ್ತದೆ, ಗಾಳಿ 40 ಡಿಗ್ರಿಗೇರಿದಾಗ ಆ ಅಂತರ 50ಕ್ಕೆ ಇಳಿದು ತಣಿಸುವ ಶಕ್ತಿ ಮೂರನೆಯ ಒಂದರಷ್ಟು ಕುಗ್ಗುತ್ತದೆ. ಸಮುದ್ರಮಟ್ಟದಿಂದ 650ರಿಂದ 800 ಮೀಟರ್ ಎತ್ತರದ ಈ ನೆಲದಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೇ ಕುದಿಯುವುದೂ ನಿಜ, ಆದರೆ ಮುಚ್ಚಳ ಬಿಗಿದು ಒತ್ತಡ ಉಳಿಸಿಕೊಂಡ ರೇಡಿಯೇಟರಿಗೆ ಆ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ದೊಡ್ಡ ವೈರಿಯೆಂದರೆ ನೀರೇ. ಫ್ಲೋರೈಡಿಗೆ ಹೆಸರಾದ ಪಾವಗಡದ ಕಡೆಯ ಅಂತರ್ಜಲ ಗಡುಸಾದದ್ದು. ಅದರಲ್ಲಿನ ಸುಣ್ಣದಂಶ ಕಾದೊಡನೆ ಕೊಳವೆಗಳ ಒಳಮೈಗೆ ಬಿಳಿಯ ಪದರವಾಗಿ ಅಂಟಿಕೊಂಡು, ಲೋಹದಿಂದ ನೀರಿಗೆ ಶಾಖ ದಾಟದಂತೆ ತಡೆಯುತ್ತದೆ. ದಾರಿಯಲ್ಲಿ ಸಿಕ್ಕ ಬಾವಿಯಿಂದ ಕೊಡ ತುಂಬಿ ಸುರಿದ ನೀರು ಆ ಹೊತ್ತಿಗೆ ತಾಪಮಾಪಕದ ಮುಳ್ಳನ್ನು ಇಳಿಸಿ, ಮುಂದಿನ ಬೇಸಗೆಗೆ ಕಾಯಿಲೆಯನ್ನು ಬಿತ್ತುತ್ತಿತ್ತು.

ಇದೇ ಬಾವಿಗಳ ದಡದಲ್ಲಿ ತದ್ವಿರುದ್ಧ ತೊಂದರೆ ನಡೆದದ್ದು ವಿಚಿತ್ರ. ಎತ್ತುಗಳಿಂದ ನೀರೆತ್ತುವ ಕಪಿಲೆಯ ಜಾಗಕ್ಕೆ ಬಂದ ಆಯಿಲ್ ಇಂಜಿನ್, ಅಂದರೆ ಪಂಪು ತಿರುಗಿಸುವ ಸಣ್ಣ ಡೀಸೆಲ್ ಯಂತ್ರ, ತಾನೇ ಎತ್ತಿದ ತಣ್ಣೀರನ್ನು ಒಮ್ಮೆ ತನ್ನ ಮೈಸುತ್ತ ಹರಿಸಿ ಹೊಲಕ್ಕೆ ಬಿಡುವಂತಿದ್ದರೆ ಎಂದೂ ತಕ್ಕಷ್ಟು ಬಿಸಿಯಾಗದೆ ಡೀಸೆಲ್ಲನ್ನು ಹೆಚ್ಚು ಕುಡಿಯುತ್ತಿತ್ತು. ಅದೇ ನೀರನ್ನು ಪಕ್ಕದ ತೊಟ್ಟಿಯಲ್ಲಿ ಸುತ್ತಿಸಿದಾಗ ಖರ್ಚು ಇಳಿಯಿತು. ಲಾರಿಯಲ್ಲಿ ಈ ಸುತ್ತಾಟವನ್ನು ನೋಡಿಕೊಳ್ಳುವುದು ಥರ್ಮೋಸ್ಟಾಟ್, ಅಂದರೆ ನೀರು ಸುಮಾರು 80 ಡಿಗ್ರಿ ಮುಟ್ಟುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ಮೇಣದ ಕವಾಟ. ಬಿಸಿಲುನಾಡಿನ ಮೆಕ್ಯಾನಿಕ್ಕುಗಳು ಅದನ್ನು ಕಿತ್ತೆಸೆಯುವ ರೂಢಿ ಬೆಳೆಸಿಕೊಂಡದ್ದು ಕೆಟ್ಟುಹೋದ ಕವಾಟದ ಭಯದಿಂದಲಾದರೂ, ಅದು ತಪ್ಪು ಮದ್ದೇ ಆಗಿತ್ತು.

ಇಂದಿನ ವಾಹನಗಳು ಗ್ಲೈಕಾಲ್ ಬೆರೆಸಿದ ಕೂಲಂಟಿನಿಂದ ಓಡುವುದರಿಂದ ಕೊಡದ ನೀರಿನ ಪ್ರಸಂಗ ವಿರಳವಾಗಿದೆ. ಹಳೆಯ ಟ್ರ್ಯಾಕ್ಟರಿಗೆ ನೀರನ್ನೇ ತುಂಬಬೇಕಾಗಿ ಬಂದವರು ಮಾತ್ರ ಕೊಳವೆಬಾವಿಯನ್ನು ಬಿಟ್ಟು, ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರನ್ನು ಸೋಸಿ ಬಳಸುವುದು ಲೇಸು.