ಕೆಮ್ಮಿನ ಲೆಕ್ಕ: ತುಮಕೂರು ಕಲಿಸಿದ ಪಾಠ

ನಾನು ವೈದ್ಯನಲ್ಲ, ಚಾರ್ಟರ್ಡ್ ಅಕೌಂಟೆಂಟ್. ಆರೋಗ್ಯ ಗೋಷ್ಠಿಯಲ್ಲಿ ಲೆಕ್ಕದವನಿಗೇನು ಕೆಲಸ ಎಂದು ನಿಮಗೆ ಅನ್ನಿಸಬಹುದು. ನಾನು ಇವತ್ತು ಹೇಳಹೊರಟಿರುವುದೂ ಒಂದು ಲೆಕ್ಕದ ಕಥೆಯೇ. ಅದು ನಡೆದದ್ದು ನನ್ನ ಅಜ್ಜಿಯ ಜಿಲ್ಲೆಯಾದ ತುಮಕೂರಿನಲ್ಲಿ, ಅರವತ್ತು ವರ್ಷಗಳಿಗೂ ಹಿಂದೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕ್ಷಯವೆಂದರೆ ಪೇಟೆಯ ರೋಗ, ಇಕ್ಕಟ್ಟಾದ ಗಲ್ಲಿಗಳ ರೋಗ ಎಂಬ ನಂಬಿಕೆಯಿತ್ತು. ಚಿಕಿತ್ಸೆಯೆಂದರೆ ಸ್ಯಾನಟೋರಿಯಂ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿರುವ ಸ್ಯಾನಟೋರಿಯಂ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಲ್ಲಿ ಹಾಸಿಗೆ ಸಿಕ್ಕವರು ಪುಣ್ಯವಂತರು, ಸಿಗದವರು ಮನೆಯಲ್ಲೇ ಕೆಮ್ಮುತ್ತಿದ್ದರು.

ಎರಡು ಅಧ್ಯಯನಗಳು ಈ ತಿಳಿವಳಿಕೆಯನ್ನು ಬದಲಿಸಿದವು. ಮೊದಲನೆಯದು 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಮಾದರಿ ಸಮೀಕ್ಷೆ. ಹಳ್ಳಿಯಲ್ಲೂ ಪೇಟೆಯಲ್ಲೂ ಕ್ಷಯ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ ಎಂದು ಅದು ತೋರಿಸಿತು. ಎರಡನೆಯದು ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಪ್ರಯೋಗ. ಮಾತ್ರೆ ತೆಗೆದುಕೊಂಡು ಮನೆಯಲ್ಲೇ ಇದ್ದ ಬಡ ರೋಗಿಗಳೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೇನೂ ಆಗಲಿಲ್ಲ. ಈ ಫಲಿತಾಂಶ 1959ರಲ್ಲಿ ಪ್ರಕಟವಾಯಿತು.

ಹಾಗಾದರೆ ಹಳ್ಳಿಯ ರೋಗಿಯನ್ನು ಹುಡುಕುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಡೆನ್ಮಾರ್ಕಿನ ವೈದ್ಯ ಹಾಫ್ಡನ್ ಮಾಹ್ಲರ್ ಅಲ್ಲಿ ದುಡಿದವರು. ಸಂಸ್ಥೆಯ ತಂಡಗಳು ಎಕ್ಸ್‌ರೇ ಯಂತ್ರ ಹೊತ್ತು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದವು. ಕಫದಲ್ಲಿ ರೋಗಾಣು ಕಂಡವರು ಸಾವಿರಕ್ಕೆ ಸುಮಾರು 4 ಮಂದಿ.

ಇಲ್ಲಿಯವರೆಗಿನದು ರೋಗದ ಲೆಕ್ಕ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಪುಟ.

ಆಗ ಎಲ್ಲರೂ ಹೇಳುತ್ತಿದ್ದ ಮಾತೊಂದಿತ್ತು: ಹಳ್ಳಿಯವರಿಗೆ ಅರಿವಿಲ್ಲ, ರೋಗ ಬಂದದ್ದೇ ಅವರಿಗೆ ತಿಳಿಯುವುದಿಲ್ಲ, ಆದ್ದರಿಂದ ಮೊದಲು ಪ್ರಚಾರ ಮಾಡಬೇಕು. ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಈ ಮಾತನ್ನು ಹಾಗೇ ಒಪ್ಪಿಕೊಳ್ಳದೆ ಪರಿಶೀಲನೆಗೆ ಇಟ್ಟರು. ಎಕ್ಸ್‌ರೇಯಲ್ಲಿ ದೋಷ ಕಂಡವರನ್ನೂ, ಅವರಿಗೆ ಹೊಂದುವ ವಯಸ್ಸಿನ ಆರೋಗ್ಯವಂತರನ್ನೂ ಕೂರಿಸಿಕೊಂಡು ಮಾತನಾಡಿಸಲಾಯಿತು. ಫಲಿತಾಂಶ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಕಫದಲ್ಲಿ ರೋಗಾಣು ಇದ್ದವರ ಪೈಕಿ ಶೇ. 95 ಮಂದಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂಬ ಅರಿವಿತ್ತು. ಶೇ. 72 ಮಂದಿ ಅದನ್ನು ಹಚ್ಚಿಕೊಂಡು ಚಿಂತಿಸುತ್ತಿದ್ದರು. ಶೇ. 52 ಮಂದಿ ಆಗಲೇ ಯಾವುದೋ ಆಸ್ಪತ್ರೆಯ, ವೈದ್ಯರ ಬಾಗಿಲು ತಟ್ಟಿ ಬಂದಿದ್ದರು.

ಅವರಿಗೆ ಸಿಕ್ಕಿದ್ದೇನು? ಬಹುಪಾಲು ಒಂದು ಬಾಟಲಿ ಕೆಮ್ಮಿನ ಔಷಧಿ.

ಆ ಬಾಟಲಿಯನ್ನು ನಾನು ಬಲ್ಲೆ. ಅಜ್ಜಿ ಸರ್ಕಾರಿ ಆಸ್ಪತ್ರೆಗೆ ಮನೆಯಿಂದಲೇ ಬಾಟಲಿ ತೊಳೆದು ಒಯ್ಯುತ್ತಿದ್ದರು. ಕಾಂಪೌಂಡರ್ ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿ, ಎಷ್ಟು ಕುಡಿಯಬೇಕೆಂದು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಕೆಮ್ಮು ಎಷ್ಟು ದಿನದಿಂದ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಾಕಿ ಇದ್ದದ್ದು ಗಿರಾಕಿಯ ಖಾತೆಯಲ್ಲಲ್ಲ, ಕೌಂಟರಿನ ಆಚೆ ಬದಿಯಲ್ಲಿ.

ಜಿಲ್ಲಾ ಕ್ಷಯ ಕಾರ್ಯಕ್ರಮ ರೂಪುಗೊಂಡದ್ದು ಈ ತಿಳಿವಳಿಕೆಯ ಮೇಲೆಯೇ. 1962ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಅದರ ತಿರುಳು ಸರಳ: ರೋಗಿಯನ್ನು ಊರೂರು ಅಲೆದು ಹುಡುಕಬೇಕಾಗಿಲ್ಲ. ಕೆಮ್ಮಿಗೆಂದು ತಾನಾಗಿ ಬಂದವನ ಕಫವನ್ನು ಮಾಮೂಲಿ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲೇ ಮಾತ್ರೆ ಕೊಡಿ. ಜಾರಿಯಲ್ಲಿ ಹಣದ, ಔಷಧಿಯ ಕೊರತೆ ಬೇಕಾದಷ್ಟಿತ್ತು. ಆದರೂ ದಾರಿ ಸರಿಯಾಗಿತ್ತು.

ಈ ಹಳೆಯ ಕಥೆ ಬ್ರಿಟನ್ನಿನಲ್ಲಿ ಕುಳಿತ ನಮಗೇಕೆ? ಎರಡು ವರ್ಷದ ಹಿಂದೆ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿ ಬಾಡಿಗೆಗಿದ್ದ. ರಾತ್ರಿಯೆಲ್ಲ ಕೆಮ್ಮು. ಹವೆ ಬದಲಾವಣೆ ಎಂದು ನಾವೂ ಸುಮ್ಮನಿದ್ದೆವು. ತೂಕ ಇಳಿದು ಪ್ಯಾಂಟು ಸಡಿಲವಾದಾಗ ನನ್ನ ಹೆಂಡತಿ ಕೂರಿಸಿ ಕೇಳಿದಳು. ಅವನು ಮೊದಲು ಹೇಳಿದ್ದು, "ಅಕ್ಕ, ಊರಲ್ಲೇ ಎಕ್ಸ್‌ರೇ ಆಗಿದೆ, ಕ್ಲಿಯರ್ ಇತ್ತು." ಆಮೇಲೆ ತಲೆ ತಗ್ಗಿಸಿ ನನ್ನನ್ನು ಕೇಳಿದ, "ಅಣ್ಣ, ಇದು ಗೊತ್ತಾದ್ರೆ ವೀಸಾ ಕ್ಯಾನ್ಸಲ್ ಮಾಡ್ತಾರಾ? ಅಮ್ಮಂಗೆ ಮಾತ್ರ ಹೇಳ್ಬೇಡಿ, ತಂಗಿ ಮದುವೆ ಮಾತುಕತೆ ನಡೀತಿದೆ."

ನೋಡಿ, ಅವನೂ ಆ 95ರಲ್ಲಿ ಒಬ್ಬ, ಆ 72ರಲ್ಲೂ ಒಬ್ಬ. 52ರೊಳಗೆ ಮಾತ್ರ ಬಂದಿರಲಿಲ್ಲ. ಅರಿವಿತ್ತು, ಭಯವೂ ಇತ್ತು, ಹೋಗಲು ಧೈರ್ಯವಿರಲಿಲ್ಲ.

ಭಾರತದಿಂದ ಆರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಇಲ್ಲಿಗೆ ಬರುವವರು ವೀಸಾಕ್ಕೆ ಮುಂಚೆ ಕ್ಷಯ ಪರೀಕ್ಷೆ ಮಾಡಿಸಲೇಬೇಕು. ಆದರೆ ಆ ಪ್ರಮಾಣಪತ್ರ ನಮ್ಮ ಬ್ಯಾಲೆನ್ಸ್ ಶೀಟಿನ ಹಾಗೆ: ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಕ್ಷಯದ ರೋಗಾಣು ಮೈಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಸೋಂಕಿದ್ದವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಎದ್ದೇಳುತ್ತದೆ. ಎಕ್ಸ್‌ರೇಗೆ ಕಾಣುವುದು ಎದ್ದ ರೋಗ, ಮಲಗಿರುವ ಸೋಂಕಲ್ಲ.

ಇನ್ನು ಅವನ ಭಯದ ವಿಷಯ. ಇಲ್ಲಿನ ಎನ್‌ಎಚ್‌ಎಸ್‌ನಲ್ಲಿ ಕ್ಷಯದ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ, ಯಾವ ವೀಸಾದಲ್ಲಿದ್ದರೂ ಸರಿ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಂಡರೆ ಗುಣವಾಗುವ ರೋಗ ಇದು. ನಮ್ಮ ಹುಡುಗನೂ ಗುಣವಾದ, ಓದು ಮುಗಿಸಿದ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಅಮ್ಮನಿಗೂ ಕೊನೆಗೆ ಅವನೇ ಹೇಳಿದ. ತಂಗಿಯ ಮದುವೆಯೇನೂ ನಿಲ್ಲಲಿಲ್ಲ.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ಜಾಗೃತಿ ಶಿಬಿರ ಮಾಡುತ್ತವೆ. ಬ್ಯಾನರು, ಕರಪತ್ರ, ಉಪನ್ಯಾಸ, ಕೊನೆಗೆ ಊಟ. ಬೇಡವೆನ್ನುವುದಿಲ್ಲ. ಆದರೆ ತುಮಕೂರಿನ ಹಳ್ಳಿಯವರು 1963ರಲ್ಲೇ ನಮಗೆ ಹೇಳಿದ್ದಾರೆ: ಅರಿವು ಇದ್ದರೆ ಸಾಲದು, ಅರಿವಿದ್ದವನು ಎದ್ದು ಬಂದಾಗ ಸರಿಯಾಗಿ ವಿಚಾರಿಸುವವರು ಬೇಕು. ಕೆಮ್ಮು ಮೂರು ವಾರ ದಾಟಿತೇ, ಸಂಜೆ ಜ್ವರ ಬರುತ್ತದೆಯೇ, ರಾತ್ರಿ ಬೆವರುತ್ತೀಯಾ, ತೂಕ ಇಳಿದಿದೆಯೇ? ಈ ನಾಲ್ಕು ಪ್ರಶ್ನೆ ಕೇಳಲು ವೈದ್ಯರೇ ಆಗಬೇಕಿಲ್ಲ. ಹೌದು ಎಂದವನ ಜೊತೆ ಜಿಪಿ ಬಳಿಗೆ ಹೋಗಿ ಕೂರಲು ಒಂದು ಬೆಳಗ್ಗೆ ರಜೆ ಸಾಕು.

ಈ ಸೆಪ್ಟೆಂಬರಿನಲ್ಲೂ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ಗಣೇಶನ ಹಬ್ಬಕ್ಕೆ ಅವರನ್ನು ಊಟಕ್ಕೆ ಕರೆಯುತ್ತೇವೆ. ಎಲೆಯ ಮುಂದೆ ಕುಳಿತವರಲ್ಲಿ ಯಾರಾದರೂ ಕೆಮ್ಮಿದರೆ, ನೀರಿನ ಲೋಟ ಕೊಡುವಾಗಲೇ ಎಷ್ಟು ದಿನದಿಂದ ಎಂದು ಒಂದು ಮಾತು ಕೇಳಿ.